ಸೋಲುವ ಸಾಲಿನ ಬೆನ್ನು ಹತ್ತಿ: ಒಂದು ರೆಜೆಕ್ಸ್ ಡಿಬಗ್ ಮಾಡಿದ ಅನುಭವ

ಕನ್ನಡ ವಿಳಾಸಗಳ ಒಂದು ದೊಡ್ಡ ಫೈಲ್. ಸಾಲಿಗೊಂದು ವಿಳಾಸ, ಅದರ ಮುಂದೆ ಒಂದು ಕಾಮಾ, ಆಮೇಲೆ ಮನೆ ನಂಬರ್. ಪ್ರತಿ ಸಾಲೂ ಈ ರೂಪದಲ್ಲೇ ಇದೆಯಾ ಎಂದು ನೋಡುವ ಪೈಥಾನ್ ಸ್ಕ್ರಿಪ್ಟ್ ಮೊದಲಿನಿಂದಲೂ ಇತ್ತು. ಅದನ್ನು ಓಡಿಸಿದರೆ ಸಾವಿರಾರು ಸಾಲು ಸರಸರ ಮುಗಿಯುತ್ತಿತ್ತು. ಒಂದು ಸಾಲಿಗೆ ಬಂದು ನಿಂತುಬಿಡುತ್ತಿತ್ತು. ಎರರ್ ಇಲ್ಲ, ಮೆಸೇಜ್ ಇಲ್ಲ. ಸಿಪಿಯು ಮಾತ್ರ ನೂರಕ್ಕೆ ನೂರು ಓಡುತ್ತಿತ್ತು.

ಸ್ಕ್ರಿಪ್ಟಿನಲ್ಲಿದ್ದ ರೆಜೆಕ್ಸ್, ಅಂದರೆ ಪಠ್ಯ ಯಾವ ರೂಪದಲ್ಲಿರಬೇಕು ಎಂದು ಹೇಳುವ ಪ್ಯಾಟರ್ನ್, ಇದು:

^([ಂ-೯]+ ?)+,[0-9]+$

ಚೌಕ ಕಂಸಕ್ಕೆ ಅಂಟಿಕೊಂಡು ವಿಚಿತ್ರವಾಗಿ ಕಾಣುತ್ತಿರುವುದು ಸೊನ್ನೆ, ಅಂದರೆ ಅನುಸ್ವಾರ. ಅದು ಅಲ್ಲಿರಲೇಬೇಕು. ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರ, ವಿಸರ್ಗ ಎರಡೂ ‘ಅ’ಗಿಂತ ಮುಂಚೆ ಬರುತ್ತವೆ. ವರ್ಣಮಾಲೆ ನೆನಪಿಟ್ಟುಕೊಂಡು ‘ಅ’ದಿಂದ ಶುರು ಮಾಡಿದರೆ ಬೆಂಗಳೂರು ಎಂಬ ಹೆಸರೇ ‘ಬೆ’ ಆದಮೇಲೆ ತುಂಡಾಗುತ್ತದೆ. ಈ ಪ್ಯಾಟರ್ನ್ ಬರೆದವರಿಗೆ ಅಷ್ಟು ಗೊತ್ತಿತ್ತು. ಉಳಿದದ್ದೂ ನೋಡಲು ಸರಿಯಾಗೇ ಇದೆ: ಕನ್ನಡದ ಒಂದಷ್ಟು ಅಕ್ಷರ (ಪ್ಲಸ್ ಎಂದರೆ ಒಂದು ಅಥವಾ ಹೆಚ್ಚು), ಇದ್ದರೆ ಒಂದು ಸ್ಪೇಸ್, ಇದೇ ಮತ್ತೆ ಮತ್ತೆ, ಕೊನೆಗೆ ಕಾಮಾ ಮತ್ತು ಅಂಕಿ. ‘^’ ಎಂದರೆ ಸಾಲಿನ ಆದಿ, ‘$’ ಎಂದರೆ ಅಂತ್ಯ.

ನಿಂತ ಸಾಲು ಸುಮಾರಾಗಿ ಹೀಗಿತ್ತು (ವಿಳಾಸ ಬದಲಿಸಿದ್ದೇನೆ):

ಶ್ರೀ ಚಾಮುಂಡೇಶ್ವರಿ ದೇವಸ್ಥಾನದ ಹಿಂದಿನ ರಸ್ತೆ ಬಸ್‌ಸ್ಟಾಪ್,45

ಇಂಥ ಹೊತ್ತಿನಲ್ಲಿ ಪ್ಯಾಟರ್ನನ್ನೇ ದಿಟ್ಟಿಸುತ್ತಾ ಕೂರುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಏನೂ ಸಿಗುವುದಿಲ್ಲ. ಪ್ಯಾಟರ್ನ್ ಹೇಳುವುದು ಏನು ಬೇಕು ಎಂಬುದನ್ನು ಮಾತ್ರ. ಎಂಜಿನ್, ಅಂದರೆ ಪ್ಯಾಟರ್ನನ್ನು ಓಡಿಸುವ ಪ್ರೋಗ್ರಾಂ, ಅದನ್ನು ಯಾವ ದಾರಿಯಲ್ಲಿ ಹುಡುಕುತ್ತದೆ ಎನ್ನುವುದು ಅಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಮೊದಲು ಸಾಲನ್ನೇ ಕತ್ತರಿಸಲು ಶುರು ಮಾಡಿದೆ. ‘ಚಾಮುಂಡೇಶ್ವರಿ’ ತೆಗೆದರೆ ಚೂರು ತಡೆದು ‘ಮ್ಯಾಚ್ ಇಲ್ಲ’ ಎಂದಿತು. ‘ದೇವಸ್ಥಾನದ’ ಎಂಬುದನ್ನೂ ತೆಗೆದರೆ ತಕ್ಷಣ ‘ಇಲ್ಲ’ ಎಂದಿತು. ಅಂದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಕಣ್ಣಿಗೆ ಸರಿಯಾಗಿ ಕಾಣುವ ಸಾಲು ಯಾಕೆ ಮ್ಯಾಚ್ ಆಗುತ್ತಿಲ್ಲ? ‘ಇಲ್ಲ’ ಎನ್ನಲು ಇಷ್ಟು ಹೊತ್ತು ಯಾಕೆ? ಎರಡನ್ನೂ ಕಲಸಿಕೊಂಡರೆ ಒಂದಕ್ಕೂ ಉತ್ತರ ಸಿಗುವುದಿಲ್ಲ.

ಮೊದಲನೆಯದು ಬೇಗ ಮುಗಿಯಿತು. ಪೈಥಾನಿನ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಪ್ರತಿ ಸಂಕೇತದ (ಯೂನಿಕೋಡ್ ಪಟ್ಟಿಯಲ್ಲಿ ಸ್ವಂತ ನಂಬರ್ ಇರುವ ಒಂದೊಂದು ಚಿಹ್ನೆಯ) ಅಧಿಕೃತ ಹೆಸರನ್ನು ಕೊಡುತ್ತದೆ. ಸಾಲಿನ ಒಂದೊಂದೇ ಸಂಕೇತವನ್ನು ಹೆಸರಿನ ಜೊತೆ ಪ್ರಿಂಟ್ ಮಾಡಿದೆ. ‘ಬಸ್’ ಆದಮೇಲೆ ‘ಝೀರೋ ವಿಡ್ತ್ ನಾನ್ ಜಾಯ್ನರ್’ ಎಂಬ ಹೆಸರು ಬಂತು. ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಸಂಕೇತ. ಟೈಪ್ ಮಾಡಿದವರದು ತಪ್ಪೇನಿಲ್ಲ. ಅದು ಇಲ್ಲದಿದ್ದರೆ ಆ ಪದ ‘ಬಸ್ಸ್ಟಾಪ್’ ಎಂದು ಒತ್ತಕ್ಷರವಾಗಿ ಮೂಡುತ್ತದೆ. ಆದರೆ ಇದರ ಜಾಗ ಕನ್ನಡದ ಬ್ಲಾಕಿನಲ್ಲಿಲ್ಲ. ನಮ್ಮ ಚೌಕ ಕಂಸ ಅದನ್ನು ಒಪ್ಪುವುದಿಲ್ಲ. ‘ರ‍್ಯಾಲಿ’ ಎಂದು ಬರೆಯುವಾಗ ಬರುವ ಇನ್ನೊಂದು ಅದೃಶ್ಯ ಸಂಕೇತ, ಝೀರೋ ವಿಡ್ತ್ ಜಾಯ್ನರ್, ಅದರದ್ದೂ ಇದೇ ಕಥೆ.

ಕನ್ನಡ ಪಠ್ಯದ ಮೇಲೆ ರೆಜೆಕ್ಸ್ ಓಡಿಸುವವರು ಈ ಪ್ರಿಂಟ್ ಮಾಡುವ ಕೆಲಸವನ್ನು ಮೊದಲೇ ಮಾಡಿಬಿಡುವುದು ಒಳ್ಳೆಯದು. ನಾವು ‘ಕೋಲಾರ’ದಲ್ಲಿ ಮೂರು ಅಕ್ಷರ ನೋಡುತ್ತೇವೆ. ಎಂಜಿನ್ ಐದು ಸಂಕೇತ ನೋಡುತ್ತದೆ. ಅದೇ ‘ಕೋ’ದ ಸ್ವರಚಿಹ್ನೆಯನ್ನು ಬಿಡಿಸಿ ಬರೆದ ರೂಪವೂ ಯೂನಿಕೋಡಿನಲ್ಲಿದೆ, ಆಗ ಒಟ್ಟು ಏಳು. ಪರದೆಯ ಮೇಲೆ ಎರಡೂ ಒಂದೇ, ಮ್ಯಾಚ್ ಮಾತ್ರ ಆಗುವುದಿಲ್ಲ. ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಚಿಹ್ನೆಗಳನ್ನು ಕೂಡಿಸಿ ಬರೆದ ರೂಪಕ್ಕೆ, ತಂದು ಆಮೇಲೆ ಹುಡುಕಬೇಕು. ಪದ ಹಿಡಿಯಲು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಕೂಡ ಪೈಥಾನಿನ ಮೂಲ ರೆಜೆಕ್ಸ್ ಮಾಡ್ಯೂಲಿನಲ್ಲಿ ಸ್ವರಚಿಹ್ನೆಯನ್ನೂ ವಿರಾಮವನ್ನೂ (ಅರ್ಧಾಕ್ಷರದ ‘್’ ಚಿಹ್ನೆ) ಪದದ ಭಾಗ ಎಂದು ಲೆಕ್ಕ ಹಾಕುವುದಿಲ್ಲ. ‘ಕನ್ನಡ’ ಎಂದರೆ ‘ಕನ’ ಮತ್ತು ‘ನಡ’ ಎಂದು ಎರಡು ತುಂಡು ಕೊಡುತ್ತದೆ! ಪರ್ಲ್ ಭಾಷೆಯಲ್ಲಿ ಈ ತೊಂದರೆ ಇಲ್ಲ. ಪೈಥಾನಿಗೆ ಬೇರೆಯಾಗಿ ಹಾಕಿಕೊಳ್ಳುವ ‘ರೆಜೆಕ್ಸ್’ ಎಂಬ ಪ್ಯಾಕೇಜಿನಲ್ಲೂ ಇಲ್ಲ.

ಎರಡನೇ ಪ್ರಶ್ನೆಯೇ ನಿಜವಾದ ಕೆಲಸ.

ಪೈಥಾನಿನ ರೆಜೆಕ್ಸ್ ಮಾಡ್ಯೂಲಿಗೆ ಡಿಬಗ್ ಎಂಬ ಫ್ಲ್ಯಾಗ್ ಇದೆ. ಅದನ್ನು ಕೊಟ್ಟರೆ ಪ್ಯಾಟರ್ನನ್ನು ಎಂಜಿನ್ ಹೇಗೆ ಅರ್ಥ ಮಾಡಿಕೊಂಡಿದೆ ಎಂಬ ಮರ ಪ್ರಿಂಟ್ ಆಗುತ್ತದೆ. ನನ್ನ ಪ್ಯಾಟರ್ನಿಗೆ ಒಂದು ‘ಮ್ಯಾಕ್ಸ್ ರಿಪೀಟ್’ ಬಂತು, ಅದರ ಹೊಟ್ಟೆಯೊಳಗೆ ಇನ್ನೊಂದು ‘ಮ್ಯಾಕ್ಸ್ ರಿಪೀಟ್’, ಅದರೊಳಗೆ 3202ರಿಂದ 3311ರವರೆಗಿನ ರೇಂಜ್. ಈ ನಂಬರುಗಳು ಅನುಸ್ವಾರ ಮತ್ತು ‘೯’ರ ಕೋಡ್. ರಿಪೀಟ್ ಒಳಗೆ ರಿಪೀಟ್ ಕಂಡ ಕೂಡಲೇ ಅನುಮಾನ ಬರಬೇಕು. ಆದರೆ ಇದು ನಕ್ಷೆ ಮಾತ್ರ. ಓಡುವಾಗ ಏನಾಗುತ್ತದೆ ಎಂದು ಈ ಫ್ಲ್ಯಾಗ್ ತೋರಿಸುವುದಿಲ್ಲ.

ಅದಕ್ಕೇ ನಾನೇ ಒಂದು ಪುಟ್ಟ ಎಂಜಿನ್ ಬರೆದೆ. ಅಕ್ಷರ, ಡಾಟ್, ಸ್ಟಾರ್, ಪ್ಲಸ್, ಗುಂಪು, ಸಾಲಿನ ಆದಿ ಮತ್ತು ಅಂತ್ಯ, ಇಷ್ಟೇ ಸಾಕು. ಒಳಗಿರುವುದು ತನ್ನನ್ನೇ ಮತ್ತೆ ಕರೆದುಕೊಳ್ಳುವ ಒಂದು ಫಂಕ್ಷನ್. ಅದರ ಕೈಯಲ್ಲಿ ಎರಡು ಸಂಖ್ಯೆ: ಪ್ಯಾಟರ್ನಿನಲ್ಲಿ ಎಲ್ಲಿದ್ದೇವೆ, ಪಠ್ಯದಲ್ಲಿ ಎಲ್ಲಿದ್ದೇವೆ. ‘ಇಲ್ಲಿಂದ ಮುಂದೆ ಎಲ್ಲವೂ ಹೊಂದುತ್ತದೆಯಾ’ ಎಂಬುದೊಂದೇ ಅದು ಕೇಳುವ ಪ್ರಶ್ನೆ. ಪ್ರತಿ ಕರೆಗೂ ಒಂದು ಸಾಲು ಪ್ರಿಂಟ್ ಮಾಡಿಸಿದೆ, ಆಳ ಹೆಚ್ಚಿದಂತೆ ಸಾಲು ಬಲಕ್ಕೆ ಸರಿಯುವ ಹಾಗೆ. ಒಂದು ಎಣಿಕೆಯನ್ನೂ ಸೇರಿಸಿದೆ. ಇಡೀ ಪ್ರೋಗ್ರಾಂ ಒಂದು ಪರದೆಯಲ್ಲಿ ಹಿಡಿಯುತ್ತದೆ.

ಮೊದಲು ಸುಲಭದ್ದು. ಪ್ಯಾಟರ್ನ್ ‘.*,’ ಮತ್ತು ಪಠ್ಯ ‘ಹಾಸನ,ಕಡೂರು’. ಹತ್ತು ಸಂಕೇತ, ಸೊನ್ನೆಯಿಂದ ಎಣಿಸಿದರೆ ಕಾಮಾ ಇರುವುದು 4ನೇ ಜಾಗದಲ್ಲಿ. ಡಾಟ್ ಸ್ಟಾರ್ (ಯಾವ ಸಂಕೇತವಾದರೂ, ಎಷ್ಟಾದರೂ) ಮೊದಲೇ ಹತ್ತನ್ನೂ ನುಂಗುತ್ತದೆ. ಆಮೇಲೆ ಕಾಮಾ ಬೇಕು, ಉಳಿದಿರುವುದು ಏನೂ ಇಲ್ಲ. ಒಂದು ಹಿಂದೆ ಬಂದು ‘ು’ ನೋಡುತ್ತದೆ, ಅಲ್ಲ. ‘ರ’, ಅಲ್ಲ. ‘ೂ’, ‘ಡ’, ‘ಕ’, ಯಾವುದೂ ಅಲ್ಲ. ಆರು ಸಲ ಸೋತು ಏಳನೆಯ ಸಲ ಕಾಮಾ ಸಿಗುತ್ತದೆ. ಮೊದಲ ಪಂಕ್ತಿಯವರು ಹೋಳಿಗೆ ಪೂರ್ತಿ ಬಡಿಸಿಕೊಂಡು, ಎರಡನೇ ಪಂಕ್ತಿಗೆ ಇಲ್ಲ ಎಂದಮೇಲೆ ಒಂದೊಂದಾಗಿ ವಾಪಸ್ ಕೊಟ್ಟ ಹಾಗೆ. ಬ್ಯಾಕ್‌ಟ್ರ್ಯಾಕಿಂಗ್ ಎಂದರೆ ಇಷ್ಟೇ. ಇಲ್ಲಿ ಏನೂ ತೊಂದರೆ ಇಲ್ಲ.

ಈಗ ಎರಡು ಪ್ಲಸ್ ಇರುವ ‘^(ಅ+)+$’. ಪಠ್ಯ ‘ಅಅಅ!’. ಇದು ಮ್ಯಾಚ್ ಆಗುವುದಿಲ್ಲ ಎಂದು ನಮಗೆ ನೋಡಿದ ಕೂಡಲೇ ಗೊತ್ತು. ಎಂಜಿನ್ ಅದನ್ನು ತಿಳಿಯುವ ದಾರಿ ಟ್ರೇಸಿನಲ್ಲಿ ಹೀಗೆ ಬಂತು. ಒಂದೊಂದು ಸಾಲೂ ‘ಅ’ಗಳನ್ನು ಗುಂಪಾಗಿ ಹಂಚಿ, ಮುಂದೆ ಸಾಲಿನ ಅಂತ್ಯ ಇದೆಯಾ ಎಂದು ನೋಡಿ ಸೋತ ಒಂದು ಪ್ರಯತ್ನ:

ಅಅಅ
ಅಅ | ಅ
ಅಅ
ಅ | ಅಅ
ಅ | ಅ | ಅ
ಅ | ಅ
ಅ

ಏಳು ಸೋಲು. ನಾಲ್ಕು ‘ಅ’ ಇದ್ದರೆ 15. ಹತ್ತಕ್ಕೆ 1,023. ಇಪ್ಪತ್ತಕ್ಕೆ 10,48,575. ಮೂವತ್ತಕ್ಕೆ 107 ಕೋಟಿ ದಾಟುತ್ತದೆ. ಒಂದು ಅಕ್ಷರ ಸೇರಿದಾಗಲೆಲ್ಲ ಕೆಲಸ ಎರಡರಷ್ಟು. ಆ ‘!’ ತೆಗೆದುಬಿಟ್ಟರೆ ಮೊದಲ ಪ್ರಯತ್ನದಲ್ಲೇ ಮ್ಯಾಚ್. ಗಮನಿಸಬೇಕಾದದ್ದು ಇದೇ. ಗೆಲ್ಲುವ ಪಠ್ಯದ ಮೇಲೆ ಎಷ್ಟು ಟೆಸ್ಟ್ ಬರೆದರೂ ಈ ರೋಗ ಹೊರಗೆ ಬರುವುದಿಲ್ಲ. ಸೋಲುವ ಪಠ್ಯ ಕೊಡಬೇಕು, ಅದೂ ತೀರಾ ಕೊನೆಯಲ್ಲಿ ಸೋಲುವಂಥದ್ದು.

ವಿಳಾಸದ ಸಾಲಿಗೆ ವಾಪಸ್ ಬಂದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಸ್ಪೇಸ್ ಐಚ್ಛಿಕ. ಹಾಗಾಗಿ ‘ಚಾಮುಂಡೇಶ್ವರಿ’ ಎಂಬ ಒಂದೇ ಪದವನ್ನು ಎಂಜಿನ್ ಎಷ್ಟು ತುಂಡಾಗಿ ಬೇಕಾದರೂ ಹಂಚಬಹುದು. ಅದರಲ್ಲಿ 12 ಸಂಕೇತ, ನಡುವೆ 11 ಸಂದು. ಪ್ರತಿ ಸಂದಿನಲ್ಲೂ ‘ಕತ್ತರಿಸು’ ಅಥವಾ ‘ಬಿಡು’ ಎಂಬ ಎರಡು ಆಯ್ಕೆ. ‘ಶ್ರೀ’ಯಲ್ಲಿ 3 ಸಂದು, ‘ದೇವಸ್ಥಾನದ’ 8, ‘ಹಿಂದಿನ’ 5, ‘ರಸ್ತೆ’ 4, ‘ಬಸ್’ 2. ಒಟ್ಟು 33. ಅಂದರೆ ಆ ಕಾಣದ ಸಂಕೇತದ ಬಾಗಿಲಿಗೆ ತಲುಪಲು 2ರ ಘಾತ 33 ದಾರಿ, 858 ಕೋಟಿಗಿಂತ ಜಾಸ್ತಿ. ಪ್ರತಿ ದಾರಿಯ ಕೊನೆಯಲ್ಲೂ ಅದೇ ಬಾಗಿಲು, ಅದೇ ‘ಇಲ್ಲ’. ಸ್ಕ್ರಿಪ್ಟ್ ಸತ್ತಿರಲಿಲ್ಲ, ಪಾಪ, ನಿಯತ್ತಾಗಿ ದುಡಿಯುತ್ತಿತ್ತು. ‘ಚಾಮುಂಡೇಶ್ವರಿ’ ತೆಗೆದಾಗ ಘಾತ 22ಕ್ಕೆ ಇಳಿದು 42 ಲಕ್ಷದಷ್ಟಾಗಿತ್ತು. ಚೂರು ತಡೆದು ಉತ್ತರ ಬಂದದ್ದು ಅದಕ್ಕೇ.

ನನ್ನ ಪುಟ್ಟ ಎಂಜಿನ್ ಹೇಳಿದ್ದನ್ನು ದೊಡ್ಡ ಎಂಜಿನ್‌ಗಳಲ್ಲೂ ನೋಡಬೇಕಿತ್ತು. ಪರ್ಲ್‌ನಲ್ಲಿ ರೆಜೆಕ್ಸ್‌ಗೇ ಒಂದು ಡಿಬಗ್ ಪ್ರಾಗ್ಮಾ (ಪ್ರೋಗ್ರಾಮಿನಲ್ಲಿ ಬರೆಯುವ ಸೂಚನೆ) ಇದೆ. ಓಡುವಾಗಿನ ಪ್ರತಿ ಹೆಜ್ಜೆಯನ್ನೂ ಅದು ಪ್ರಿಂಟ್ ಮಾಡುತ್ತದೆ, ಎಲ್ಲಿ ಸೋತು ಹಿಂದೆ ಸರಿಯಿತು ಎಂಬುದನ್ನೂ. ಓದಲು ಸ್ವಲ್ಪ ತಾಳ್ಮೆ ಬೇಕು. ಪಿಸಿಆರ್‌ಇ2 ಎಂಬ ರೆಜೆಕ್ಸ್ ಲೈಬ್ರರಿಯ ಜೊತೆ ಬರುವ ಟೆಸ್ಟ್ ಪ್ರೋಗ್ರಾಮಿನಲ್ಲಿ ಆಟೋ ಕಾಲ್ಔಟ್ ಎಂಬ ಆಯ್ಕೆ ಕೊಟ್ಟರೂ ಹೀಗೇ ಹೆಜ್ಜೆ ಕಾಣುತ್ತದೆ. ಬ್ರೌಸರಿನಲ್ಲೇ ನೋಡುವುದಾದರೆ ರೆಜೆಕ್ಸ್101ರ ಡಿಬಗ್ಗರ್ ಇದೆ, ಹೊಸಬರಿಗೆ ನಾನು ಅದನ್ನೇ ಹೇಳುವುದು. ಒಂದು ಎಚ್ಚರ: ಈ ಎಂಜಿನ್‌ಗಳು ತಮ್ಮದೇ ಚುರುಕು ಮಾಡಿಕೊಂಡಿರುತ್ತವೆ. ಕಾಮಾ ಬೇಕು ಎಂದು ಮೊದಲೇ ಗೊತ್ತಿದ್ದರೆ, ಪಠ್ಯದಲ್ಲಿ ಕಾಮಾ ಇಲ್ಲದ ಸಾಲನ್ನು ಹುಡುಕದೇ ತಳ್ಳಿಬಿಡಬಹುದು. ಹಾಗಾಗಿ ಹೆಜ್ಜೆಗಳ ಸಂಖ್ಯೆ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಒಂದು ಸಂಖ್ಯೆ ನೋಡಿ ಹೆದರಬೇಡಿ, ನೆಮ್ಮದಿಯೂ ಪಡಬೇಡಿ. ಪಠ್ಯ ಉದ್ದವಾದಂತೆ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಿ.

ಸರಿಪಡಿಸುವುದು ಐದು ನಿಮಿಷದ ಕೆಲಸವಾಯಿತು. ಚೌಕ ಕಂಸದ ಭಾಗವನ್ನು ಸುಮ್ನೆ ‘ಪದ’ ಎಂದು ಬರೆದುಕೊಂಡರೆ ಹೊಸ ರೂಪ ಹೀಗೆ:

^ಪದ( ಪದ)* ?,[0-9]+$

ಗುಂಪಿನೊಳಗಿನ ಸ್ಪೇಸ್ ಈಗ ಕಡ್ಡಾಯ. ಒಂದು ಪದವನ್ನು ಎರಡು ತುಂಡು ಮಾಡಬೇಕಾದರೆ ನಡುವೆ ನಿಜವಾದ ಸ್ಪೇಸ್ ಇರಬೇಕು. ಹಂಚುವ ದಾರಿ ಒಂದೇ ಉಳಿಯಿತು. ಕಾಮಾದ ಮುಂಚಿನ ಐಚ್ಛಿಕ ಸ್ಪೇಸನ್ನು ಬೇಕೆಂದೇ ಇಟ್ಟಿದ್ದೇನೆ, ಹಳೆಯ ಪ್ಯಾಟರ್ನ್ ಅದನ್ನು ಒಪ್ಪುತ್ತಿತ್ತು. ಚೌಕ ಕಂಸಕ್ಕೆ ಆ ಎರಡು ಅದೃಶ್ಯ ಸಂಕೇತಗಳನ್ನೂ ಸೇರಿಸಿದೆ. ಅವನ್ನು ಪಠ್ಯದಿಂದಲೇ ಅಳಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಹೆಸರುಗಳ ರೂಪವೇ ಕೆಡುತ್ತದಲ್ವಾ? ಪೈಥಾನ್ 3.11ರಿಂದ ಪೊಸೆಸಿವ್ ಕ್ವಾಂಟಿಫೈಯರ್ ಕೂಡ ಇದೆ. ಪ್ಲಸ್ ಪಕ್ಕ ಇನ್ನೊಂದು ಪ್ಲಸ್ ಹಾಕಿದರೆ, ಒಮ್ಮೆ ತೆಗೆದುಕೊಂಡದ್ದನ್ನು ಅದು ವಾಪಸ್ ಕೊಡುವುದಿಲ್ಲ. ಕೆಲಸ ಆಗುತ್ತದೆ. ಆದರೂ ಪ್ಯಾಟರ್ನಿನ ಗೊಂದಲವನ್ನೇ ತೆಗೆಯುವುದು ನನಗೆ ಇಷ್ಟ. ಮುಂದೆ ಓದುವವರಿಗೂ ಅದೇ ಸುಲಭ.

ರಿಪೀಟ್ ಒಳಗೆ ರಿಪೀಟ್ ಇಲ್ಲದಿದ್ದರೂ ಪೆಟ್ಟು ಬೀಳಬಹುದು. 2016ರ ಜುಲೈ 20ರಂದು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 34 ನಿಮಿಷ ಬಿದ್ದಿತ್ತು. ಕಾರಣ, ಸಾಲಿನ ಕೊನೆಯ ಖಾಲಿ ಜಾಗ ತೆಗೆಯುವ ಒಂದು ಸಣ್ಣ ಪ್ಯಾಟರ್ನ್. ಯಾರದೋ ಪಠ್ಯದಲ್ಲಿ 20,000 ಖಾಲಿ ಸಂಕೇತ ಸಾಲಾಗಿದ್ದವು, ಅವುಗಳ ಆಚೆ ಬೇರೊಂದು ಅಕ್ಷರ. ಎಂಜಿನ್ ಮೊದಲ ಜಾಗದಿಂದ ಕೊನೆತನಕ ಓಡಿ ಸೋತಿತು, ಎರಡನೆಯದರಿಂದ ಮತ್ತೆ, ಮೂರನೆಯದರಿಂದ ಮತ್ತೆ. ಕೂಡಿಸಿದರೆ ಸುಮಾರು 20 ಕೋಟಿ ಪರೀಕ್ಷೆ. ಆ ಪ್ಯಾಟರ್ನಿನ ಚೌಕ ಕಂಸದಲ್ಲೂ ಇದೇ ಝೀರೋ ವಿಡ್ತ್ ನಾನ್ ಜಾಯ್ನರ್ ಇತ್ತು ಎಂದು ಓದಿದಾಗ ನನಗೆ ನಗು ಬಂತು. 2019ರ ಜುಲೈ 2ರಂದು ವೆಬ್ ತಾಣಗಳಿಗೆ ರಕ್ಷಣೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿಯ ಸೇವೆ ಬಿದ್ದದ್ದರ ಹಿಂದೆಯೂ ಒಂದರ ಬೆನ್ನಿಗೆ ಒಂದು ಬಂದ ಡಾಟ್ ಸ್ಟಾರ್‌ಗಳಿದ್ದವು. ಅಲ್ಲೂ ನೋಡಬೇಕಾದದ್ದು ಸೋಲಿನ ದಾರಿಯನ್ನೇ.

ಈ ತೊಂದರೆ ಬರದೇ ಇರುವ ವಿಧಾನವನ್ನು ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1968ರಲ್ಲೇ ಪ್ರಕಟಿಸಿದ್ದರು. ಒಂದೊಂದೇ ದಾರಿ ಹಿಡಿದು ವಾಪಸ್ ಬರುವ ಬದಲು, ಇರಬಹುದಾದ ಎಲ್ಲಾ ಸ್ಥಿತಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಪಠ್ಯದಲ್ಲಿ ಮುಂದೆ ಮಾತ್ರ ಹೋಗುವುದು. ಗೂಗಲ್‌ನ ಆರ್‌ಇ2, ಗೋ ಮತ್ತು ರಸ್ಟ್ ಭಾಷೆಗಳ ರೆಜೆಕ್ಸ್ ಲೈಬ್ರರಿಗಳು ಈ ದಾರಿಯವು. ನನ್ನ ಪುಟ್ಟ ಎಂಜಿನ್‌ಗೂ ಹೀಗೊಂದು ಜೊತೆಗಾರನನ್ನು ಬರೆದೆ. ‘ಅಅಅ!’ ಕೊಟ್ಟರೆ ಟ್ರೇಸ್ ನಾಲ್ಕೇ ಸಾಲು, ಸಂಕೇತಕ್ಕೊಂದು. ಮೂವತ್ತು ‘ಅ’ ಕೊಟ್ಟರೆ ಮೂವತ್ತೊಂದು ಸಾಲು. ಬ್ಯಾಕ್‌ರೆಫರೆನ್ಸ್ (ಮೊದಲು ಸಿಕ್ಕ ತುಂಡೇ ಮತ್ತೆ ಬರಬೇಕು ಎನ್ನುವುದು), ಲುಕ್‌ಅಹೆಡ್ (ಮುಂದಿರುವುದನ್ನು ನುಂಗದೆ ಇಣುಕಿ ನೋಡುವುದು) ಈ ಲೈಬ್ರರಿಗಳಲ್ಲಿ ಸಿಗುವುದಿಲ್ಲ. ಹೊರಗಿನವರು ಕೊಟ್ಟ ಪಠ್ಯವನ್ನು ಪರೀಕ್ಷಿಸುವ ಕಡೆ ಅವು ಬೇಕಾಗುವುದೂ ಅಪರೂಪ. ವಿಳಾಸದ ಸ್ಕ್ರಿಪ್ಟನ್ನು ಆರ್‌ಇ2ಗೆ ಬದಲಿಸಲಿಲ್ಲ. ಹೊಸ ಪ್ಯಾಟರ್ನ್ ಸಾಕಾಯಿತು. ಬದಲಿಗೆ ಟೆಸ್ಟ್‌ಗಳಲ್ಲಿ ಇದ್ದಬದ್ದ ಉದ್ದದ ವಿಳಾಸಗಳನ್ನೆಲ್ಲ ತೆಗೆದುಕೊಂಡು, ಪ್ರತಿಯೊಂದರ ಕಾಮಾದ ಮುಂಚೆ ಒಂದು ‘!’ ಸೇರಿಸಿ ಇಟ್ಟಿದ್ದೇನೆ.