ಅಮೆರಿಕಕ್ಕೆ ಹೊಸಬರೇ, ಬೀಗದವರನ್ನೂ ಅಲಾರಂನವರನ್ನೂ ಕರೆಯುವ ಮುನ್ನ

ಮನೆಯ ಬೀಗ ತೆರೆಯಬಲ್ಲವನಿಗೆ, ಅಲಾರಂ ಆರಿಸುವ ಕೋಡ್ ಗೊತ್ತಿರುವವನಿಗೆ ಸರ್ಕಾರದ ಪರವಾನಗಿ ಇದ್ದೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಈ ಕೆಲಸಕ್ಕೆ ದೇಶಕ್ಕೆಲ್ಲ ಒಂದೇ ಲೈಸೆನ್ಸ್ ಇಲ್ಲ, ರಾಜ್ಯ ದಾಟಿದರೆ ನಿಯಮವೇ ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಎರಡನ್ನೂ ನೋಡಿಕೊಳ್ಳುವುದು ಬ್ಯೂರೋ ಆಫ್ ಸೆಕ್ಯುರಿಟಿ ಅಂಡ್ ಇನ್ವೆಸ್ಟಿಗೇಟಿವ್ ಸರ್ವೀಸಸ್. ಬೀಗದ ಕಂಪನಿಯ ಲೈಸೆನ್ಸ್ ಎಲ್‌ಸಿಒ, ಅಲಾರಂ ಕಂಪನಿಯದು ಎಸಿಒ. ಮನೆಗೆ ಬರುವ ನೌಕರನಿಗೆ ಪ್ರತ್ಯೇಕ ನೋಂದಣಿ ಬೇಕು. ಟೆಕ್ಸಾಸ್‌ನಲ್ಲಿ ಈ ಕೆಲಸ ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿಯದು. ಕಾನೂನು ಆಕ್ಯುಪೇಷನ್ಸ್ ಕೋಡ್‌ನ 1702ನೇ ಅಧ್ಯಾಯ. ನಾರ್ತ್ ಕ್ಯಾರೊಲೈನಾದಲ್ಲಿ ಬೀಗಕ್ಕೊಂದು ಬೋರ್ಡ್, ಅಲಾರಂಗೆ ಇನ್ನೊಂದು. ನ್ಯೂಜೆರ್ಸಿಯಲ್ಲಿ ಇವೆರಡೂ ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳ ಬೋರ್ಡಿನಡಿಯ ಸಮಿತಿಗೆ ಸೇರಿವೆ. ಎಡವುವುದು ಹೆಚ್ಚಾಗಿ ನ್ಯೂಯಾರ್ಕ್, ಫ್ಲಾರಿಡಾಗಳಲ್ಲಿ. ನ್ಯೂಯಾರ್ಕ್ ರಾಜ್ಯ ಅಲಾರಂ ಕೂರಿಸುವವರಿಗೆ ಲೈಸೆನ್ಸ್ ಕೊಡುತ್ತದೆ, ಬೀಗದವರಿಗೆ ಕೊಡುವುದು ನ್ಯೂಯಾರ್ಕ್ ನಗರ. ಫ್ಲಾರಿಡಾದಲ್ಲೂ ಅಲಾರಂ ಕಂಟ್ರಾಕ್ಟರ್ ರಾಜ್ಯದ ಕೈಯಲ್ಲಿದ್ದಾನೆ, ಬೀಗದವನಿಗೆ ರಾಜ್ಯದ ಲೈಸೆನ್ಸೇ ಇಲ್ಲ.  ಪೆನ್ಸಿಲ್ವೇನಿಯಾ, ಒಹಾಯೊಗಳಲ್ಲೂ ಬೀಗದವರಿಗೆ ರಾಜ್ಯದ ಲೈಸೆನ್ಸ್ ಇಲ್ಲ. ಇಂಥ ಕಡೆ "ನಾವು ಲೈಸೆನ್ಸ್ ಇರುವವರು" ಎಂದರೆ ಬರೀ ವ್ಯಾಪಾರದ ನೋಂದಣಿ ಇರಬಹುದು. ಬೀಗದ ಕೆಲಸದವರ ಸಂಘವಾದ ಅಲೋವಾದ (ALOA) ಸದಸ್ಯತ್ವ ಒಳ್ಳೆಯ ಗುರುತೇ, ಆದರೆ ಅದು ಲೈಸೆನ್ಸ್ ಅಲ್ಲ.

ಲೈಸೆನ್ಸ್ ಇರುವ ರಾಜ್ಯದಲ್ಲಿ ನಂಬರ್ ಕೇಳಿ, ಆ ಇಲಾಖೆಯ ಜಾಲತಾಣದ ಹುಡುಕಾಟದಲ್ಲಿ ಹಾಕಿ. ಕಂಪನಿಯ ಹೆಸರು, ಲೈಸೆನ್ಸ್‌ನ ಬಗೆ, ಈಗ ಚಾಲ್ತಿಯಲ್ಲಿದೆಯೇ, ಯಾವಾಗ ಮುಗಿಯುತ್ತದೆ, ಇಷ್ಟನ್ನೂ ನೋಡಿ. ಅದೇ ಹೆಸರು ವ್ಯಾನಿನ ಮೇಲೂ ಬಿಲ್ಲಿನ ಮೇಲೂ ಇರಬೇಕು. ಇದನ್ನು ಬೀಗ ಹಾಕಿಕೊಂಡು ಚಳಿಯಲ್ಲಿ ಹೊರಗೆ ನಿಂತಾಗಲ್ಲ, ಮನೆಗೆ ಬಂದ ಮೊದಲ ವಾರವೇ ಮಾಡಿ ಒಬ್ಬರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಅವಸರದಲ್ಲಿ ಹುಡುಕಿದಾಗ ಮೇಲೆ ಬರುವ ಎಷ್ಟೋ ಜಾಹೀರಾತುಗಳ ಹಿಂದೆ ಅಂಗಡಿ ಇರುವುದಿಲ್ಲ, ಎಲ್ಲೋ ದೂರದ ಕಾಲ್ ಸೆಂಟರ್ ಇರುತ್ತದೆ. ಹೆಸರು ಹೇಳದೆ "ಲಾಕ್‌ಸ್ಮಿತ್" ಎಂದಷ್ಟೇ ಉತ್ತರಿಸಿದರೆ ಕಂಪನಿಯ ಪೂರ್ತಿ ಹೆಸರು ಕೇಳಿ. ತಡವರಿಸಿದರೆ ಫೋನ್ ಇಡಿ. ಅವರು ಹೇಳುವ ಅಗ್ಗದ ಮೊತ್ತ ಮನೆಗೆ ಬರುವುದಕ್ಕೆ ಮಾತ್ರ ಆಗಿರಬಹುದು. ಬೀಗ ತೆರೆಯುವುದೂ ಸೇರಿ ಒಟ್ಟು ಎಷ್ಟು ಎಂದು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ.

ಬಂದ ತಕ್ಷಣ ಡ್ರಿಲ್ ತೆಗೆದರೆ ತಡೆಯಿರಿ. ಮನೆಗಳ ಸಾಮಾನ್ಯ ಪಿನ್ ಬೀಗವನ್ನು ಕೆಲಸ ಬಲ್ಲವರು ಹೆಚ್ಚಾಗಿ ಕೊರೆಯದೆ ತೆರೆಯುತ್ತಾರೆ. ಕೊರೆದರೆ ಬೀಗ ಹಾಳು, ಹೊಸದನ್ನು ದುಬಾರಿ ಬೆಲೆಗೆ ಅವರಿಂದಲೇ ಕೊಳ್ಳಬೇಕು. ಬೀಗ ಚೆನ್ನಾಗಿದ್ದು ಹಳೆಯ ಕೀಲಿಗಳ ಭಯವಷ್ಟೇ ಇದ್ದರೆ ರೀಕೀ ಮಾಡಿಸಿ. ಒಳಗಿನ ಪಿನ್ ಬದಲಿಸಿದರೆ ಹಳೆಯ ಕೀಲಿ ಕೆಲಸ ಮಾಡದು. ಬಾಡಿಗೆ ಮನೆಯಾದರೆ ಮೊದಲು ಅಪಾರ್ಟ್‌ಮೆಂಟಿನ ಆಫೀಸನ್ನು ಕೇಳಿ. ಟೆಕ್ಸಾಸ್‌ನಲ್ಲಿ ಬಾಡಿಗೆದಾರ ಬದಲಾದ 7 ದಿನದೊಳಗೆ ಮಾಲೀಕನೇ ತನ್ನ ಖರ್ಚಿನಲ್ಲಿ ರೀಕೀ ಮಾಡಿಸಬೇಕೆಂದು ಕಾನೂನೇ ಇದೆ.

ಬೀಗದವನು ನಿಮ್ಮ ಗುರುತು ಕೇಳಿದರೆ ಬೇಸರ ಬೇಡ, ಕೇಳದಿದ್ದರೆ ಅನುಮಾನಪಡಿ. ಕ್ಯಾಲಿಫೋರ್ನಿಯಾದಲ್ಲಿ ಬೀಗ ತೆರೆಸುವವರ ಹೆಸರು, ವಿಳಾಸ, ಸಹಿ ಮುಂತಾದವನ್ನು ವರ್ಕ್ ಆರ್ಡರಿನಲ್ಲಿ ದಾಖಲಿಸಬೇಕು. ಹೊಸಬರ ಪಾಸ್‌ಪೋರ್ಟಿನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲವಲ್ಲ, ಹಾಗಾಗಿ ಬಾಡಿಗೆ ಕರಾರಿನ ಪ್ರತಿ ಫೋನಿನಲ್ಲಿರಲಿ.

ಅಲಾರಂ ಮಾರುವವರು ಬಾಗಿಲು ತಟ್ಟಿಕೊಂಡು ಬರುತ್ತಾರೆ. "ನಿಮ್ಮ ಹಳೆಯ ಕಂಪನಿಯಿಂದಲೇ ಬಂದಿದ್ದೇವೆ, ಉಪಕರಣ ಬದಲಿಸಬೇಕು" ಎಂದರೆ ಒಳಗೆ ಬಿಡದೆ ಹಳೆಯ ಕಂಪನಿಗೇ ಫೋನ್ ಮಾಡಿ. ಮಾನಿಟರಿಂಗ್ ಕರಾರು, ಅಂದರೆ ನಿಮ್ಮ ಅಲಾರಂ ಅನ್ನು ಕಂಪನಿಯವರು ದೂರದಿಂದ ಗಮನಿಸುತ್ತಿರುವ ಒಪ್ಪಂದ, ಸಾಮಾನ್ಯವಾಗಿ 36ರಿಂದ 60 ತಿಂಗಳು. ವೀಸಾ ಮೇಲಿರುವವರಿಗೆ ಇದು ತೀರಾ ಉದ್ದವಾಯಿತು. ಕೆಲಸ ಬದಲಾಗಿ ಊರು ಬಿಟ್ಟರೂ ಬಾಕಿ ತಿಂಗಳುಗಳ ಹಣ ಕೇಳುತ್ತಾರೆ. ತಾನಾಗಿ ನವೀಕರಣವಾಗುವ ಸಾಲು ಕರಾರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರಬಹುದು, ಹುಡುಕಿ ಓದಿ. ಮನೆಯಲ್ಲಿ ಕೂತು 25 ಡಾಲರ್ ಅಥವಾ ಹೆಚ್ಚಿನ ಕರಾರಿಗೆ ಸಹಿ ಹಾಕಿದ್ದರೆ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದಂತೆ ಮೂರನೇ ವ್ಯವಹಾರ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡಬಹುದು. ಶನಿವಾರವೂ ಲೆಕ್ಕಕ್ಕೆ ಸೇರುತ್ತದೆ, ಭಾನುವಾರ ಮತ್ತು ಫೆಡರಲ್ ರಜೆ ಸೇರುವುದಿಲ್ಲ. ರದ್ದತಿ ಪತ್ರವನ್ನು ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ರಿಪೇರಿಗೆಂದು ನೀವೇ ಕರೆದು ಮಾಡಿಸಿದ ಕೆಲಸಕ್ಕೆ ಈ ರಕ್ಷಣೆ ಇಲ್ಲ, ನಡುರಾತ್ರಿಯ ಬೀಗದ ಬಿಲ್ಲೂ ಅದರಲ್ಲೇ ಬಂತು.

ಕಂಪನಿಗೆ ಲೈಸೆನ್ಸ್ ಇದ್ದರೂ ಅನೇಕ ಊರುಗಳಲ್ಲಿ ಮನೆಯವರೂ ನಗರದಿಂದ ಅಲಾರಂ ಪರ್ಮಿಟ್ ಪಡೆಯಬೇಕು. ಸುಳ್ಳು ಅಲಾರಂಗೆ ಪೊಲೀಸರು ಪದೇಪದೇ ಬಂದರೆ ದಂಡ ಏರುತ್ತದೆ. ನಮ್ಮವರ ಮನೆಗಳಲ್ಲಿ ಇದಕ್ಕೆ ದೊಡ್ಡ ಕಾರಣ, ಊರಿನಿಂದ ಬಂದ ಅಪ್ಪ-ಅಮ್ಮ ಬೆಳಗಿನ ಜಾವ ಹಿತ್ತಲ ಬಾಗಿಲು ತೆಗೆಯುವುದು. ಆಮೇಲೆ ಮಾನಿಟರಿಂಗ್ ಕೇಂದ್ರದವರು ಫೋನ್ ಮಾಡಿ ಇಂಗ್ಲಿಷಿನಲ್ಲಿ ಗುಪ್ತಪದ ಕೇಳುತ್ತಾರೆ. ಅಪ್ಪ-ಅಮ್ಮನಿಗೆ ಸುಲಭವಾಗಿ ಬಾಯಿಗೆ ಬರುವ ಪದ ಇಡಿ, ಕೋಡ್ ಒತ್ತುವುದನ್ನು ಎರಡು ಸಲ ಮಾಡಿಸಿ ನೋಡಿ, ಸಂಪರ್ಕ ಪಟ್ಟಿಯಲ್ಲಿ ಕನಿಷ್ಠ ಎರಡು ಫೋನ್ ನಂಬರ್ ಕೊಡಿ. ಮನೆ ಬಿಡುವಾಗ ಪರ್ಮಿಟ್ ರದ್ದು ಮಾಡಿಸುವುದನ್ನು ಮರೆಯಬೇಡಿ.

ಮೋಸವಾದರೆ ಬಿಲ್ಲು, ಬೀಗದ ಫೋಟೊ, ವ್ಯಾನಿನ ನಂಬರ್ ಇಟ್ಟುಕೊಂಡು ಲೈಸೆನ್ಸ್ ಕೊಡುವ ಇಲಾಖೆಗೆ ದೂರು ಕೊಡಿ. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದವರ ಮೇಲೂ ಅಲ್ಲೇ ದೂರು ಕೊಡಬಹುದು. ಅಂಥ ಇಲಾಖೆಯೇ ಇಲ್ಲದ ರಾಜ್ಯದಲ್ಲಿ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ.