ಹೈಲ್ಯಾಂಡ್ ನೃತ್ಯ: ಯಾವ ಸ್ಪರ್ಧೆಗೆ ಹೆಸರು ಕೊಡಬೇಕು?

ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದ ಎರಡನೇ ವರ್ಷ ಮಗಳು ಶಾಲೆಯ ಗೆಳತಿಯ ಬೆನ್ನು ಹತ್ತಿ ಇಲ್ಲಿನ ಸಾಂಪ್ರದಾಯಿಕ ಹೈಲ್ಯಾಂಡ್ ನೃತ್ಯದ ತರಗತಿಗೆ ಸೇರಿದಳು. ಮರುವರ್ಷ ಅವಳ ಟೀಚರ್ ಕೈಗೆ ಒಂದು ಕಾರ್ಡ್ ಕೊಟ್ಟು, ‘ಇನ್ನು ಸ್ಪರ್ಧೆಗೆ ಕಳುಹಿಸಬಹುದು’ ಎಂದರು. ನಾನು ಹುರುಪಿನಲ್ಲಿ ಮೂರು ಶನಿವಾರಕ್ಕೆ ಮೂರು ಊರಿನ ಸ್ಪರ್ಧೆಗಳಿಗೆ ಹೆಸರು ಬರೆಸಿಬಿಟ್ಟೆ. ಮೂರನೆಯ ಶನಿವಾರ ಅವಳು ವೇದಿಕೆಯ ಪಕ್ಕದ ಹುಲ್ಲಿನ ಮೇಲೆ ಕುಳಿತು, ಶೂ ಲೇಸು ಕಟ್ಟಿಕೊಳ್ಳಲು ಒಪ್ಪಲೇ ಇಲ್ಲ. ಮಗುವನ್ನು ಈ ನೃತ್ಯಕ್ಕೆ ಸೇರಿಸಿರುವ ಇತರ ಕನ್ನಡದ ಮನೆಗಳಿಗೆ ಉಪಯೋಗವಾಗಲಿ ಎಂದು, ಅಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡ್ ನೋಡಿ

ಸ್ಕಾಟ್ಲೆಂಡಿನ ಬಹುಪಾಲು ಸ್ಪರ್ಧೆಗಳು 1950ರಲ್ಲಿ ಹುಟ್ಟಿದ, ಈಗ ರಾಯಲ್ ಸ್ಕಾಟಿಷ್ ಅಫಿಷಿಯಲ್ ಬೋರ್ಡ್ ಆಫ್ ಹೈಲ್ಯಾಂಡ್ ಡ್ಯಾನ್ಸಿಂಗ್ ಎಂಬ ಹೆಸರಿನ ಮಂಡಳಿಯ ನಿಯಮದಂತೆ ನಡೆಯುತ್ತವೆ. ಏಳು ವರ್ಷದೊಳಗಿನವರು ಪ್ರೈಮರಿ. ಆಮೇಲೆ ಬಿಗಿನರ್, ನೊವೀಸ್, ಇಂಟರ್‌ಮೀಡಿಯೆಟ್, ಕೊನೆಗೆ ಪ್ರೀಮಿಯರ್. ಬಿಗಿನರ್ ಮಗು ಮೊದಲ ಮೂರು ಸ್ಥಾನಗಳಲ್ಲಿ ಒಂದನ್ನು ಪಡೆದರೆ ಕಾರ್ಡಿಗೆ ಒಂದು ಸ್ಟ್ಯಾಂಪ್ ಬೀಳುತ್ತದೆ. ಆರು ಸ್ಪರ್ಧೆಗಳಿಂದ ಆರು ಸ್ಟ್ಯಾಂಪ್ ಆದರೆ ನೊವೀಸ್, ಅಲ್ಲಿ ಮತ್ತೆ ಆರಾದರೆ ಇಂಟರ್‌ಮೀಡಿಯೆಟ್. ಅಲ್ಲಿ ಒಂದು ವರ್ಷ ಕಳೆದರೆ ಪ್ರೀಮಿಯರ್.

ಇದು ನಮ್ಮ ಭರತನಾಟ್ಯದ ಜೂನಿಯರ್, ಸೀನಿಯರ್ ಪರೀಕ್ಷೆಯ ಹಾಗೆ ಎಂದುಕೊಂಡಿದ್ದೆ. ಅಲ್ಲ. ಅಲ್ಲಿ ಪಾಠ ಒಪ್ಪಿಸಿದರೆ ಪಾಸು. ಇಲ್ಲಿ ಪಕ್ಕದಲ್ಲಿ ನಿಂತವರಿಗಿಂತ ಚೆನ್ನಾಗಿ ಕುಣಿಯಬೇಕು. ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದು ನೀವು ಆರಿಸಿದ ಸ್ಪರ್ಧೆಯನ್ನು ಅವಲಂಬಿಸಿರುತ್ತದೆ. ನಾಲ್ಕೈದು ಮಕ್ಕಳಷ್ಟೇ ಬರುವ ಊರುಗಳಲ್ಲಿ ಸ್ಟ್ಯಾಂಪ್ ಸುಲಭ. ಹಾಗೆಂದು ಅಂಥವನ್ನೇ ಹುಡುಕಿಕೊಂಡು ಹೋದರೆ ಒಂದೇ ಬೇಸಿಗೆಯಲ್ಲಿ ಕಾರ್ಡ್ ತುಂಬುತ್ತದೆ, ಕಾಲು ಮಾತ್ರ ಇನ್ನೂ ಬಿಗಿನರ್ ಕಾಲೇ ಆಗಿರುತ್ತದೆ. ತುಂಬಿದ ಕಾರ್ಡನ್ನು ಖಾಲಿ ಮಾಡಲು ಬರುವುದಿಲ್ಲ. ಎರಡು ಚಿಕ್ಕ ಸ್ಪರ್ಧೆಗಳಿಗೆ ಹೋದರೆ ಸೋಲುವ ಸಾಧ್ಯತೆ ಇರುವ ಒಂದು ದೊಡ್ಡದಕ್ಕೂ ಹೋಗುವುದು ನನ್ನ ಲೆಕ್ಕ.

ಅರ್ಜಿಯನ್ನು ಪೂರ್ತಿ ಓದಿ

ಸ್ಪರ್ಧೆ ಯಾವ ಸಂಸ್ಥೆಯ ನಿಯಮದಡಿ ನಡೆಯುತ್ತದೆ ಎಂಬುದನ್ನು ಮೊದಲು ನೋಡಿ. ಸ್ಕಾಟಿಷ್ ಅಫಿಷಿಯಲ್ ಹೈಲ್ಯಾಂಡ್ ಡ್ಯಾನ್ಸಿಂಗ್ ಅಸೋಸಿಯೇಷನ್ ಎಂಬ ಇನ್ನೊಂದು ಸಂಸ್ಥೆಯೂ ಇದೆ, ಅದರ ಪದ್ಧತಿ ಬೇರೆ. ಟೀಚರನ್ನು ಕೇಳದೆ ಹಣ ಕಟ್ಟಬೇಡಿ. ‘ಓಪನ್’ ಎಂದಿದ್ದರೆ ಎಲ್ಲರಿಗೂ ಪ್ರವೇಶ. ‘ಲೋಕಲ್’ ಎಂದಿದ್ದರೆ ಸುತ್ತಮುತ್ತಲಿನವರಿಗಷ್ಟೇ, ಆದ್ದರಿಂದ ಪೈಪೋಟಿ ಕಡಿಮೆ. ವಯಸ್ಸನ್ನು ಸ್ಪರ್ಧೆಯ ದಿನಕ್ಕೆ ಲೆಕ್ಕ ಹಾಕುತ್ತಾರೆ. ಹುಟ್ಟುಹಬ್ಬ ಹತ್ತಿರವಿದ್ದರೆ, ಒಂದು ವಾರದ ಅಂತರದಲ್ಲಿ ಮಗು ಗುಂಪಿನ ಹಿರಿಯಳಿಂದ ಕಿರಿಯಳಾಗಿಬಿಡಬಹುದು.

ಬರುವ ನೃತ್ಯಕ್ಕೆ ಮಾತ್ರ ಹೆಸರು

ಹೈಲ್ಯಾಂಡ್ ಫ್ಲಿಂಗ್, ಕತ್ತಿ ನೃತ್ಯ, ಶಾನ್ ಟ್ರೂಸ್, ರೀಲ್ ಈ ನಾಲ್ಕು ಮುಖ್ಯ. ಸ್ಕಾಟಿಷ್ ಲಿಲ್ಟ್, ಫ್ಲೋರಾ ಮ್ಯಾಕ್‌ಡೊನಾಲ್ಡ್ಸ್ ಫ್ಯಾನ್ಸಿ ಮುಂತಾದವಕ್ಕೆ ಕಿಲ್ಟ್ (ಚೌಕಳಿ ಲಂಗ) ಸಾಲದು, ಬೇರೆ ಉಡುಗೆ ಬೇಕು. ಹೊಲಿಸುವ ಖರ್ಚು ಸಣ್ಣದಲ್ಲ. ಅವನ್ನು ಒಂದು ವರ್ಷ ಮುಂದೂಡಿದರೆ ಏನೂ ಕೆಡುವುದಿಲ್ಲ.

ನೂರು ಅಂಕಗಳಲ್ಲಿ ತಂತ್ರಕ್ಕೇ ಎಂಬತ್ತು. ತಾಳಕ್ಕೆ ಹತ್ತು, ನಿಲುವಿಗೆ ಹತ್ತು. ಕತ್ತಿ ನೃತ್ಯದಲ್ಲಿ ನೆಲದ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ನಡುವೆ ಕುಣಿಯಬೇಕು. ಕತ್ತಿಗೆ ಕಾಲು ತಾಕಿದರೆ ಐದು ಅಂಕ ಹೋಯಿತು, ಕತ್ತಿ ಸರಿದರೆ ಆ ನೃತ್ಯದಿಂದಲೇ ಹೊರಗೆ. ಮಗಳ ಮೆತ್ತನೆಯ ಚರ್ಮದ ಶೂವಿನ ತುದಿ ಕತ್ತಿಗೆ ತಗುಲಿದಾಗ ನನಗೆ ಸದ್ದು ಕೂಡ ಕೇಳಿಸಲಿಲ್ಲ. ತೀರ್ಪುಗಾರರ ಪೆನ್ಸಿಲ್ ಕಾಗದದ ಮೇಲೆ ಓಡಿದ್ದನ್ನು ಕಂಡಾಗಲೇ ಗೊತ್ತಾಯಿತು. ತರಗತಿಯಲ್ಲಿ ಹತ್ತರಲ್ಲಿ ಒಂಬತ್ತು ಸಲ ತಾಕದೆ ಮುಗಿಸುವವರೆಗೆ ಅವಳ ಅರ್ಜಿಯಲ್ಲಿ ಕತ್ತಿಯ ಚೌಕವನ್ನು ಖಾಲಿ ಬಿಡಲು ಟೀಚರ್ ಹೇಳಿದರು.

ನೆಲ ಹೇಗಿದೆ ಎಂದು ವಿಚಾರಿಸಿ

ಚಳಿಗಾಲದ ಸ್ಪರ್ಧೆಗಳು ಸಭಾಂಗಣದೊಳಗೆ, ಬೇಸಿಗೆಯವು ಬಹುತೇಕ ಬಯಲಿನಲ್ಲಿ, ಮರದ ಹಲಗೆಯ ವೇದಿಕೆಯ ಮೇಲೆ. ಸ್ಕಾಟ್ಲೆಂಡಿನ ಬೇಸಿಗೆ ಎಂದರೆ ಮಳೆಯೂ ಸೇರಿದಂತೆಯೇ. ನೆನೆದ ಹಲಗೆ ಜಾರುತ್ತದೆ. ಬ್ಯಾಗ್‌ಪೈಪ್ ನುಡಿಸುವವರು ಎದುರಿಗೇ ಇರುತ್ತಾರೆ, ತರಗತಿಯ ರೆಕಾರ್ಡಿಂಗ್‌ನಷ್ಟೇ ವೇಗ ಇರುತ್ತದೆಂದು ನಂಬಿಕೊಳ್ಳಬಾರದು. ಮೈದಾನದ ಆ ತುದಿಯಲ್ಲಿ ಇಡೀ ಪೈಪ್ ಬ್ಯಾಂಡ್ ಹೊರಟಿತೆಂದರೆ ಈ ಒಂಟಿ ಪೈಪಿನ ತಾಳ ಹಿಡಿಯುವುದೇ ಮಗುವಿಗೆ ಕಷ್ಟ. ಹೀಗಾಗಿ ಮೊದಲ ಒಂದೆರಡು ಸ್ಪರ್ಧೆಗಳು ಒಳಾಂಗಣದಲ್ಲಿರಲಿ.

ಕ್ಯಾಲೆಂಡರ್

ನಮ್ಮ ಕಡೆಯ ಬಯಲಿನ ಕೂಟಗಳೆಂದರೆ ಜೂನ್‌ನಲ್ಲಿ ಅಬರ್ಡೀನಿನ ಹೆಜಲ್‌ಹೆಡ್ ಪಾರ್ಕ್, ಆಗಸ್ಟ್‌ನ ಮೊದಲ ಶನಿವಾರ ಅಬೋಯ್ನ್, ಎರಡನೇ ಗುರುವಾರ ಬ್ಯಾಲಟರ್, ಸೆಪ್ಟೆಂಬರ್ ಮೊದಲ ಶನಿವಾರ ಬ್ರೇಮಾರ್. ಬ್ರೇಮಾರ್‌ಗೆ ರಾಜಮನೆತನದವರು ಬರುವುದರಿಂದ ಜನಜಂಗುಳಿ ವಿಪರೀತ, ಚಿಕ್ಕ ಮಗುವಿನ ಮೊದಲ ಸ್ಪರ್ಧೆಗೆ ಹೇಳಿ ಮಾಡಿಸಿದ ಜಾಗವಲ್ಲ. ಈ ನೃತ್ಯವೆಲ್ಲ ಒಂಟಿ ಕಾಲಿನ ನೆಗೆತ. ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿದರೆ ಮಾಯಲು ವಾರಗಳು ಬೇಕು. ತಿಂಗಳಿಗೆ ಎರಡು ಸ್ಪರ್ಧೆ ನಮ್ಮ ಮನೆಯ ಮಿತಿ. ಕೆಲವು ಕಡೆ ವಾರಗಳ ಮೊದಲೇ ಹೆಸರು ಕೊಡಬೇಕು, ಕೆಲವು ಕಡೆ ಅಂದೇ ಮೈದಾನದಲ್ಲಿ ಬರೆದುಕೊಳ್ಳುತ್ತಾರೆ. ಎರಡನೆಯ ಬಗೆಯ ಒಂದನ್ನು ಪಟ್ಟಿಯಲ್ಲಿ ಇಟ್ಟುಕೊಂಡಿದ್ದರೆ ಜ್ವರ ಬಂದಾಗ ಹಣ ಉಳಿಯುತ್ತದೆ.

ಕೋವಲ್ ಯಾವಾಗ?

ಎಲ್ಲರ ಬಾಯಲ್ಲೂ ಬರುವ ಹೆಸರು ಕೋವಲ್. 1894ರಲ್ಲಿ ಶುರುವಾದ ಈ ಕೂಟ ಆಗಸ್ಟ್ ಕೊನೆಯಲ್ಲಿ ಡುನೂನ್‌ನಲ್ಲಿ ನಡೆಯುತ್ತದೆ. ವಿಶ್ವ ಚಾಂಪಿಯನ್‌ಷಿಪ್ ಅಲ್ಲಿಯೇ. ಚಾಂಪಿಯನ್‌ಷಿಪ್‌ಗಳು ಪ್ರೀಮಿಯರ್‌ನವರಿಗಷ್ಟೇ, ಸಾಮಾನ್ಯ ಸ್ಪರ್ಧೆಯಲ್ಲಿ ತೀರ್ಪುಗಾರರು ಒಬ್ಬರಾದರೆ ಅಲ್ಲಿ ಮೂವರು. ಬಿಗಿನರ್ ಕಾರ್ಡ್ ಹಿಡಿದು ಆ ಕನಸು ಕಾಣುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆದರೆ ನೋಡಲು ಹೋಗಬಹುದಲ್ಲ. ಕಳೆದ ವರ್ಷ ನಾವು ಹೋಗಿದ್ದೆವು. ವಾಪಸ್ ಬರುವಾಗ ಫೆರಿಯಲ್ಲಿ ಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಅಮ್ಮಾ, ಆ ದೊಡ್ಡ ಅಕ್ಕಂದಿರ ಸಾಕ್ಸ್ ಏಕೆ ಜಾರುವುದಿಲ್ಲ?’ ಪಕ್ಕದಲ್ಲಿ ಕುಳಿತಿದ್ದ ನೃತ್ಯಗಾರ್ತಿಯೊಬ್ಬಳ ತಾಯಿ ತಮ್ಮ ಮಗಳ ಸಾಕ್ಸ್ ಮಡಿಕೆ ಬಿಡಿಸಿ, ಒಳಗಿನ ಎಲಾಸ್ಟಿಕ್ ಪಟ್ಟಿಯನ್ನು ತೋರಿಸಿದರು.