ಹೊಳೆಬದಿಯ ಮನೆ, ಹಕ್ಕಿಗಳ ಪಂಚಾಂಗ

ಅಣ್ಣನ ಮಗಳು ಹೋದ ವಾರ ಬಂದಿದ್ದಳು. ಸೀತಾನದಿಯ ದಂಡೆಯಲ್ಲಿ ಅವಳ ಗಂಡನ ಕಡೆಯ ಹಳೆಯ ಮನೆಯೊಂದಿದೆ. ಅದನ್ನು ದುರಸ್ತಿ ಮಾಡಿಸಿ ಅತಿಥಿಗಳಿಗೆ ತಂಗಲು ಕೊಡಬೇಕು, ಬೆಳಗಿನ ತಿಂಡಿಯನ್ನೂ ಮನೆಯಲ್ಲೇ ಮಾಡಿ ಬಡಿಸಬೇಕು ಎಂದು ಅವಳ ಆಸೆ. “ಅತ್ತೆ, ಹಾಸಿಗೆ, ಪರದೆ, ಪಾತ್ರೆ ಎಲ್ಲ ಪಟ್ಟಿ ಮಾಡಿದ್ದೇನೆ, ಬಿಟ್ಟುಹೋದದ್ದು ಏನಾದರೂ ಇದೆಯೇ ನೋಡಿ” ಎಂದಳು. ನೋಡಿದೆ. ಯಾವ ಕೆಲಸವನ್ನು ಯಾವ ತಿಂಗಳಲ್ಲಿ ಮಾಡಬಾರದು ಎಂಬುದೊಂದು ಬಿಟ್ಟುಹೋಗಿತ್ತು. ಉಡುಪಿ ಜಿಲ್ಲೆಯ ಕೆಮ್ಮಣ್ಣು ಊರಿನ ಹತ್ತಿರ ಸ್ವರ್ಣಾ ನದಿಯ ದಂಡೆಯಲ್ಲಿ ಹದಿನಾಲ್ಕು ವರ್ಷ ಇಂಥದೇ ಮನೆ ನಡೆಸಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅದೇ. ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಳೆಬದಿಯಲ್ಲಿ ಮನೆಯಿರುವ ಬೇರೆಯವರಿಗೂ ಬೇಕಾದೀತು.

ವರ್ಷದ ಲೆಕ್ಕವನ್ನು ಪತ್ತನಾಜೆಯಿಂದ ಹಿಡಿಯಿರಿ. ತುಳು ಪಂಚಾಂಗದ ಬೇಷ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿನಲ್ಲಿ ಬರುತ್ತದೆ; ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಹಂಚು ಸರಿಮಾಡಿಸುವುದು, ಮಾಡಿನ ನೀರು ಹರಿಯುವ ದಂಬೆ ಬಿಡಿಸುವುದು, ತೆಂಗಿನ ಒಣಮಡಲು ಇಳಿಸುವುದು, ಹೊಳೆಯ ಮೇಲೆ ಬಾಗಿದ ಕೊಂಬೆ ಸವರುವುದು, ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಮಳೆ ಬಂದ ಮೇಲೆ ಮರ ಏರಿಸಿದರೆ ಏರುವವನಿಗೂ ಅಪಾಯ, ಮರದಲ್ಲಿರುವವರಿಗೂ ಅಪಾಯ. ನಮ್ಮ ಅಂಗಳದ ತುದಿಯಲ್ಲಿ ನೀರಿನ ಕಡೆ ವಾಲಿದ ತೆಂಗಿನ ಮರವೊಂದಿದೆ. ಮಳೆ ಹಿಡಿದು ಗದ್ದೆ ಹಸಿರಾದ ಮೇಲೆ ಅದಕ್ಕೆ ಗೀಜಗಗಳು ಬರುತ್ತವೆ.

ಗೀಜಗ ಗೂಡು ಕಟ್ಟುವುದನ್ನು ನೋಡಲು ದುರ್ಬೀನು ಬೇಕಾಗಿಲ್ಲ, ಜಗಲಿಯ ಕುರ್ಚಿಯೇ ಸಾಕು. ಗಂಡುಹಕ್ಕಿ ತೆಂಗಿನ ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಮಾಡಿ, ತುದಿ ಕಚ್ಚಿಕೊಂಡು ಹಾರಿಬಿಡುತ್ತದೆ. ನೂಲಿನಂಥ ಸೀಳು ಗರಿಯುದ್ದಕ್ಕೂ ಬಿಚ್ಚಿಕೊಂಡು ಅದರೊಂದಿಗೆ ಹೊರಡುತ್ತದೆ. ಆ ಸೀಳುಗಳನ್ನೇ ಗಂಟು ಹಾಕಿ, ನೇಯ್ದು, ತಲೆಕೆಳಗಾದ ಬುಟ್ಟಿಯಷ್ಟು ಆದಾಗ ನಿಲ್ಲಿಸಿ, ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತದೆ. ಒಪ್ಪಿದರೆ ಉಳಿದ ಅರ್ಧ, ಆ ಉದ್ದದ ಕೊಳವೆ ಬಾಗಿಲು ಎಲ್ಲ ಮುಗಿಯುತ್ತದೆ. ಒಪ್ಪದಿದ್ದರೆ ಗಂಡು ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದನ್ನು ಶುರು ಮಾಡುತ್ತದೆ. ಅರ್ಧ ಗೂಡು ಕಂಡು “ಇದು ಹಾಳಾಗಿದೆ, ಕೊಯ್ದು ಮಗುವಿಗೆ ಕೊಡಬಹುದೇ?” ಎಂದು ಕೇಳುವ ಅತಿಥಿಗಳಿದ್ದಾರೆ. ಕೊಡಬೇಡಿ. ಗೂಡನ್ನೂ ಮೊಟ್ಟೆಯನ್ನೂ ಮುಟ್ಟದಂತೆ 1972ರ ವನ್ಯಜೀವಿ ಕಾಯ್ದೆ ಇದೆ. ಕಾಯ್ದೆ ಇರದಿದ್ದರೂ ನಾನು ಕೊಡುತ್ತಿರಲಿಲ್ಲ. ಗಾಳಿಗೆ ತಾನಾಗಿ ಉದುರಿದ ಹಳೆಯ ಗೂಡೊಂದನ್ನು ಜಗಲಿಯಲ್ಲಿ ತೂಗುಹಾಕಿದ್ದೇನೆ, ಮಕ್ಕಳು ಅದರೊಳಗೆ ಕೈಹಾಕಿ ನೋಡುತ್ತಾರೆ.

ಇನ್ನು ಮಳೆಗಾಲದ ಮನೆಗೆಲಸ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹತ್ತಿಯ ಹಾಸಿಗೆ, ದಿಂಬುಗಳನ್ನು ಮೇ ತಿಂಗಳ ಬಿಸಿಲಿಗೆ ಮೂರು ದಿನ ಒಣಗಿಸಿ, ಎರಡೂ ಬದಿ ಕಾದ ಮೇಲೆ ಆರಲು ಬಿಟ್ಟು, ಆಮೇಲೆ ಹೊದಿಕೆ ಹಾಕಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ. ಗೋಡೆಯ ತೇವ ಹಲಗೆಗೆ ಹತ್ತಿದರೆ ಬಟ್ಟೆಗೆ ಬೂಷ್ಟು ಖಂಡಿತ. ಒಳಗೆ ಒಂದು ಹಳೆಯ ಬಟ್ಟೆಯ ಚೀಲದಲ್ಲಿ ಇದ್ದಿಲು ಕಟ್ಟಿಡಿ, ತೇವವನ್ನೂ ಮುಗ್ಗು ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಹಾಸುಬಟ್ಟೆಗಳನ್ನು ನಾನು ಬಚ್ಚಲುಮನೆಯ ಹಂಡೆಯ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಒಣಗಿಸುತ್ತೇನೆ. ಆದರೆ ಉರಿ ಇಳಿದು ಬರೀ ಕೆಂಡ ಉಳಿದ ಮೇಲೆಯೇ ಹರವಬೇಕು, ಇಲ್ಲದಿದ್ದರೆ ಹೊಗೆಯ ವಾಸನೆ ಒಗೆದರೂ ಹೋಗುವುದಿಲ್ಲ.

ಹಕ್ಕಿ ನೋಡಲು ಬರುವವರ ದುರ್ಬೀನು, ಕ್ಯಾಮೆರಾಗಳಿಗೂ ಇದೇ ಕಾಟ. ಗಾಜಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬಿ ಇಟ್ಟು, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ರಾತ್ರಿ ಅದರೊಳಗೆ ಇಡಲು ಹೇಳಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ಹರಳನ್ನು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಗದ್ದೆಯ ಹುಣಿಯಲ್ಲಿ ಹುಂಡುಕೋಳಿ ಕೂಗುತ್ತಿದೆ ಎಂದು ಬರಿಗಾಲಲ್ಲಿ ನೀರಿಗಿಳಿಯುವವರನ್ನು ತಡೆಯಿರಿ. ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಇಲಿಜ್ವರ ಬರಲು ಸಾಕು, ಮಳೆಗಾಲದಲ್ಲಿ ನಮ್ಮ ಕಡೆ ಅದು ಪ್ರತಿವರ್ಷ ಇದ್ದದ್ದೇ. ನಾಲ್ಕು ಅಳತೆಯ ಗಮ್‌ಬೂಟುಗಳು ಜಗಲಿಯಲ್ಲಿರಲಿ. ಇಲಿಗೆ ವಿಷ ಮಾತ್ರ ಇಡಬೇಡಿ. ವಿಷ ತಿಂದ ಇಲಿಯನ್ನು ಕಣಜಗೂಬೆ ಹಿಡಿದರೆ ಅದೂ ಸಾಯುತ್ತದೆ, ಇಲಿ ಹಿಡಿಯುವವರೇ ಇಲ್ಲವಾಗುತ್ತಾರೆ. ಬೋನು ಇಡಿ.

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತಿಂಡಿಗೆ ಪತ್ರೊಡೆಗಿಂತ ಒಳ್ಳೆಯದಿಲ್ಲ. ಎಳೆಯ ಕೆಸುವಿನೆಲೆ, ನೆನೆಸಿದ ಬೆಳ್ತಿಗೆ ಅಕ್ಕಿಗೆ ಮೆಣಸು, ಕೊತ್ತಂಬರಿ, ಬೆಲ್ಲ, ಹುಣಸೆ. ಹುಣಸೆಯಲ್ಲಿ ಕೈ ಬಿಗಿ ಹಿಡಿಯಬೇಡಿ, ಕೆಸುವಿನ ತುರಿಕೆ ಮುರಿಯುವುದು ಅದರ ಹುಳಿಯೇ. ಮುಕ್ಕಾಲು ಗಂಟೆ ಚೆನ್ನಾಗಿ ಆವಿಯಲ್ಲಿ ಬೇಯಲಿ. ಆಟಿ ಅಮಾವಾಸ್ಯೆಯ ಪಾಲೆಮರದ ಕಷಾಯವನ್ನು ಅತಿಥಿಗಳು ಕೇಳುತ್ತಾರೆ. ಮರದ ಗುರುತು ಚೆನ್ನಾಗಿ ಬಲ್ಲವರು ತಂದ ತೊಗಟೆಯಾದರೆ ಮಾತ್ರ ಕೊಡಿ. ಕತ್ತಲಲ್ಲಿ ಕಾಸರ್ಕದ ತೊಗಟೆ ಕೆತ್ತಿ ತಂದರೆ ಅದು ವಿಷ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಮೀನನ್ನು ನಂಬಿ ಊಟದ ಮಾತು ಕೊಡಬೇಡಿ. ಒಣಮೀನು ಚಟ್ನಿ, ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ ಎಂದು ಮೊದಲೇ ಹೇಳಿಬಿಡಿ, ಸಂತೋಷದಿಂದ ಉಣ್ಣುತ್ತಾರೆ.

ಮಳೆ ಹಿಂದೆ ಸರಿದು, ಅಂಗಳಕ್ಕೆ ಬಾಲ ಮೇಲೆ ಕೆಳಗೆ ಆಡಿಸುವ ಸಿಪಿಲೆ ಬಂತೆಂದರೆ ನಾನು ಚಿಪ್ಪಿನ ಸುಣ್ಣ ತರಿಸುತ್ತೇನೆ. ಗೋಡೆಗೆ ಸುಣ್ಣ ಬಳಿಯಲು ಅದೇ ಕಾಲ. ಬಡಗಣ ದೂರದ ಹಕ್ಕಿಗಳೂ ಆಗಲೇ ಒಂದೊಂದಾಗಿ ಇಳಿಯತೊಡಗುತ್ತವೆ. ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು.

ಮನೆ ಶುರು ಮಾಡಿದ ಮೂರನೆಯ ವರ್ಷ, ಹೊಳೆ ಕಾಣಲಿ ಎಂದು ಪಡುಬದಿಯ ಮರದ ಕಿಟಕಿ ತೆಗೆಸಿ ಆಳೆತ್ತರದ ಗಾಜು ಹಾಕಿಸಿದೆ. ಅಕ್ಟೋಬರ್‌ನ ಒಂದು ಬೆಳಗ್ಗೆ ಗುಡಿಸಲು ಹೋದಾಗ ಗಾಜಿನ ಕೆಳಗೆ ನವರಂಗ ಹಕ್ಕಿ ಬಿದ್ದಿತ್ತು. ಹಸಿರು ಬೆನ್ನು, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಮೆತ್ತಿದಂತೆ ಕೆಂಪು, ಮೊಟಕು ಬಾಲ. ಅಂಗೈಯಲ್ಲಿಟ್ಟರೆ ಒಂದು ಕೋಳಿಮೊಟ್ಟೆಯಷ್ಟು ಭಾರ. ಹಿಮಾಲಯದ ಬುಡದಲ್ಲೋ ಮಧ್ಯ ಭಾರತದ ಕಾಡಿನಲ್ಲೋ ಹುಟ್ಟಿ, ರಾತ್ರಿಯೆಲ್ಲ ಹಾರಿ ಹಾರಿ ಇಲ್ಲಿಯವರೆಗೆ ಬಂದ ಜೀವ. ಗಾಜಿನಲ್ಲಿ ಮೂಡಿದ ಹಲಸಿನ ಮರದ ನೆರಳನ್ನು ಮರವೆಂದೇ ತಿಳಿದಿತ್ತು. ಆ ಗಾಜು ಹಾಕಿಸಿದವಳು ನಾನು. ಅಂದು ತಿಂಡಿ ಬಡಿಸುವಾಗ ಕೈ ನಡುಗುತ್ತಿತ್ತು.

ಮರುದಿನವೇ ತೆಂಗಿನ ನಾರಿನ ಸಣ್ಣ ಹುರಿಗಳನ್ನು ಗಾಜಿನ ಹೊರಬದಿಗೆ ಮೇಲಿನಿಂದ ಕೆಳಗಿನವರೆಗೆ ಇಳಿಬಿಟ್ಟೆ. ನಡುವೆ ನಾಲ್ಕು ಬೆರಳಿನ ಅಂತರ ಸಾಕು, ಹೆಚ್ಚಾದರೆ ಸಂದಿನಲ್ಲಿ ನುಗ್ಗಬಹುದೆಂದು ಹಕ್ಕಿ ಎಣಿಸುತ್ತದೆ. ಒಳಗಿನ ಪರದೆಯಿಂದ ಅಷ್ಟು ಪ್ರಯೋಜನವಿಲ್ಲ, ನೆರಳು ಮೂಡುವುದು ಹೊರಮೈಯಲ್ಲಿ. ಸೆಪ್ಟೆಂಬರ್‌ನಿಂದ ನವೆಂಬರ್ ಮುಗಿಯುವವರೆಗೆ ಹೊಳೆಯ ಕಡೆಯ ದೀಪಗಳನ್ನು ಒಂಬತ್ತೂವರೆಗೆ ಆರಿಸಿಬಿಡುತ್ತೇನೆ, ರಾತ್ರಿ ಪಯಣಿಸುವ ಹಕ್ಕಿಗಳು ಬೆಳಕಿಗೆ ದಾರಿ ತಪ್ಪುತ್ತವೆ. ಪೆಟ್ಟು ತಿಂದು ಮಂಕಾಗಿ ಕುಳಿತ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಒಳಗಿಟ್ಟು, ಮುಚ್ಚಿ, ಕತ್ತಲೆಯ ಸದ್ದಿಲ್ಲದ ಕೋಣೆಯಲ್ಲಿಡಿ. ಒಂದೆರಡು ಗಂಟೆಯಲ್ಲಿ ಒಳಗೆ ಪರಚುವ ಸದ್ದಾಗುತ್ತದೆ. ಆಗ ಪೊದೆಯ ಬಳಿ ಒಯ್ದು ಮುಚ್ಚಳ ತೆರೆದು ದೂರ ನಿಲ್ಲಿ. ಎರಡು ವರ್ಷದ ಬಳಿಕ ಜಗಲಿಗೇ ಬಂದು ಸುಸ್ತಾಗಿ ಕುಳಿತ ಇನ್ನೊಂದು ನವರಂಗವನ್ನು ಹಾಗೆಯೇ ಬಿಟ್ಟೆವು. ಆ ಚಳಿಗಾಲವೆಲ್ಲ ನಸುಕಿನಲ್ಲಿ ಹಿತ್ತಿಲಿನಿಂದ ನವರಂಗದ ಎರಡು ಸ್ವರದ ಸಿಳ್ಳೆ ಕೇಳುತ್ತಿತ್ತು.

ನವೆಂಬರ್‌ನಿಂದ ಫೆಬ್ರವರಿ ಅತಿಥಿಗಳ ಕಾಲ. ಅವರು ಗಡಿಯಾರ ನೋಡಿ ಏಳುತ್ತಾರೆ, ನೀವು ಹೊಳೆಯನ್ನು ನೋಡಿ ಎಬ್ಬಿಸಿ. ನೀರು ಇಳಿದು ಕೆಸರು ತೆರೆದಾಗಲೇ ಗೊರವಗಳು, ಬೆಳ್ಳಕ್ಕಿಗಳು, ಬಕಗಳು ಮೇಯಲು ಬರುವುದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಸುಕಿಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಆ ದಿನಗಳಲ್ಲಿ ಕೋಣೆ ಕಾದಿರಿಸುವಂತೆ ನಾನು ಫೋನಿನಲ್ಲೇ ಹೇಳುತ್ತೇನೆ. ಬೆಳಗ್ಗೆ ಆರಕ್ಕೆ ಹೊರಡುವವರಿಗೆ ಕೊತ್ತಂಬರಿ ಜೀರಿಗೆಯ ಕಷಾಯ, ಬೇಯಿಸಿದ ನೇಂದ್ರ ಬಾಳೆಹಣ್ಣು ಸಾಕು. ಹೊಟ್ಟೆ ತುಂಬಿದವರಿಗೆ ದೋಣಿಯಲ್ಲಿ ನಿದ್ದೆ ಬರುತ್ತದೆ. ಮರಳಿ ಬಂದಾಗ ನೀರುದೋಸೆ. ಅಕ್ಕಿ ನಾಲ್ಕೈದು ಗಂಟೆ ನೆನೆದು ನುಣ್ಣಗೆ ರುಬ್ಬಿದರೆ ಆಯಿತು, ಹುಳಿ ಬರಬೇಕಾಗಿಲ್ಲ, ಹಿಟ್ಟು ಮಜ್ಜಿಗೆಯಷ್ಟು ತೆಳುವಿರಲಿ. ಅವರು ಎಂಟಕ್ಕೆ ಬಂದರೂ ಹತ್ತಕ್ಕೆ ಬಂದರೂ ಕಾವಲಿಯಿಂದ ನೇರ ಎಲೆಗೆ ಹಾಕಬಹುದು.

ದೋಣಿಯವರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಲು ಹೇಳಿ. ಇರುಳುಬಕಗಳು ಹಗಲು ಅಲ್ಲೇ ಮಲಗಿರುತ್ತವೆ. ಸೀತಾ, ಸ್ವರ್ಣಾ ಎರಡೂ ಕಡಲು ಸೇರುವ ಕೋಡಿಬೆಂಗ್ರೆಯ ಕಡೆಗೆ ಹೋದರೆ ರೀವಗಳೂ ಕಡಲಹಕ್ಕಿಗಳೂ ಮರಳದಿಣ್ಣೆಯ ಮೇಲೆ ಸಾಲುಗಟ್ಟಿ ಕುಳಿತಿರುತ್ತವೆ. ಚಿತ್ರಕ್ಕಾಗಿ ಅವುಗಳನ್ನು ಎಬ್ಬಿಸಬಾರದು. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯುವುದನ್ನು ನಮ್ಮ ಮನೆಯಲ್ಲಿ ನಾನು ಬಿಡುವುದಿಲ್ಲ. ಎದುರಾಳಿ ಬಂದನೆಂದು ತಿಳಿದು ಹಕ್ಕಿ ಮೇವು ಬಿಟ್ಟು ಅಲೆಯುತ್ತದೆ.

ಬೇಸಗೆಯ ಕೆಲಸ ಕಡಿಮೆ. ಮಾರ್ಚ್ ಕಳೆದರೆ ಹೊಳೆಯ ಉಪ್ಪು ಬಾವಿಗೂ ಬರುತ್ತದೆ, ಕುಡಿಯುವ ನೀರಿಗೆ ಬೇರೆ ಏರ್ಪಾಡು ಫೆಬ್ರವರಿಯಲ್ಲೇ ಆಗಿರಲಿ. ಪುನರ್ಪುಳಿ ಒಣಗಿಸಿಡಿ. ಹಕ್ಕಿಗಳಿಗೆಂದು ಎರಡು ಬೆರಳು ಆಳದ ಮಣ್ಣಿನ ತಟ್ಟೆಯಲ್ಲಿ ಒಂದು ಕಲ್ಲಿಟ್ಟು, ಬಾವಿಯ ನೀರಲ್ಲ, ಸಿಹಿನೀರು ತುಂಬಿ ನೆರಳಿನಲ್ಲಿಡಿ, ಸೊಳ್ಳೆ ಮೊಟ್ಟೆಯಿಡದಂತೆ ದಿನಾ ಬದಲಿಸಿ. ಕಾರು ನಿಲ್ಲಿಸುವ ಜಲ್ಲಿಯ ಮೇಲೆ ಟಿಟ್ಟಿಭ ಮೊಟ್ಟೆಯಿಡುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣದು. ಕಂಡ ಕೂಡಲೇ ನಾಲ್ಕು ಸುತ್ತ ದೊಡ್ಡ ಕಲ್ಲಿಟ್ಟು ಕಾರುಗಳನ್ನು ಬೇರೆಡೆ ನಿಲ್ಲಿಸಲು ಹೇಳಿ.

ಜಗಲಿಯ ಮೂಲೆಯ ಜೇಡರ ಬಲೆಯನ್ನು ಪೂರ್ತಿ ಗುಡಿಸಬೇಡಿ ಎಂದರೆ ಅಣ್ಣನ ಮಗಳು ಒಪ್ಪಲಿಲ್ಲ, ಅತಿಥಿಗಳು ಏನೆಂದಾರು ಎಂದಳು. ಅವಳನ್ನು ಹಿಂದಿನ ಬಾಗಿಲಿಗೆ ಕರೆದೊಯ್ದೆ. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಸೂರಕ್ಕಿಯ ಗೂಡು ತೂಗುತ್ತಿದೆ. ನಾರು, ಒಣಸಿಪ್ಪೆಯ ಚೂರು, ಹುಳದ ಹಿಕ್ಕೆ ಎಲ್ಲವನ್ನೂ ಜೇಡರ ಬಲೆಯ ಎಳೆಯಿಂದಲೇ ಹೆಣೆದದ್ದು, ಬದಿಯಲ್ಲಿ ಪುಟ್ಟ ಬಾಗಿಲು, ಅದರ ಮೇಲೊಂದು ಸಣ್ಣ ಮಾಡು. ನಾವು ನಿಂತಿರುವಾಗಲೇ ಹೆಣ್ಣು ಬಂದು, ಬಚ್ಚಲಿನ ಕಿಟಕಿಯಲ್ಲಿ ಉಳಿಸಿದ್ದ ಬಲೆಯಿಂದ ಕೊಕ್ಕಿನ ತುಂಬ ಎಳೆ ಸುತ್ತಿಕೊಂಡು ಹೋಯಿತು. ಅತಿಥಿಗಳ ಟವೆಲ್‌ಗಳನ್ನು ಈಗ ಮಾವಿನ ಮರಕ್ಕೆ ಕಟ್ಟಿದ ಹೊಸ ಹಗ್ಗದ ಮೇಲೆ ಒಣಗಿಸುತ್ತಿದ್ದೇವೆ. ಹಗ್ಗದ ಇನ್ನೊಂದು ತುದಿಯನ್ನು ಬಿಗಿದು ಕಟ್ಟಿದವಳು ಅವಳೇ.